ಮಾಳಿಗೆಯ ಕಾವೂ ತಂತ್ರಾಂಶದ ಆಯ್ಕೆಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ತಂತ್ರಾಂಶಗಳನ್ನು ಕುರಿತು ಬರೆಯಹೊರಟಿರುವದನ್ನು ಕಂಡು ನಮ್ಮ ಗುರುವರ್ಯರು ಆಶ್ಚರ್ಯಪಡಬಹುದು. ಇಂಜಿನಿಯರಿಂಗ್ ಕಲಿಯುತ್ತಿರುವ ಮಿತ್ರರು ನಗಲೂಬಹುದು. ಆದರೆ ಈ ವಿಷಯವು ನನ್ನ ಬಳಿಗೆ ಪುಸ್ತಕದ ಮುಖಾಂತರ ಬಂದದ್ದಲ್ಲ. ನಮ್ಮ ಮನೆಯ ಮಾಳಿಗೆಯಿಂದ ಇಳಿದು ಬಂದದ್ದು. ಭೂಗೋಳದ ತರಗತಿಯಲ್ಲಿ ಕಲಿತ ನಾಲ್ಕು ಅಕ್ಷರಗಳನ್ನೇ ಬಂಡವಾಳವಾಗಿಟ್ಟುಕೊಂಡು ಅದರ ಬೆನ್ನು ಹತ್ತಿದೆನು. ತಿಳಿದಷ್ಟನ್ನು ಇಲ್ಲಿ ನಿವೇದಿಸಿದ್ದೇನೆ.

ನಮ್ಮದು ಅಥಣಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಒಂದು ಹಳ್ಳಿ. 2019ರ ಅಗಸ್ಟ್ ತಿಂಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಒಮ್ಮೆಲೆ ಉಕ್ಕಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದೀತೀರದ ಊರುಗಳಿಗೆ ಒದಗಿದ ಗತಿಯನ್ನು ಈ ಕಾಲೇಜಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಅನೇಕರು ಆ ದಿನಗಳನ್ನು ಶಾಲೆಯ ಕೋಣೆಗಳಲ್ಲಿ ತೆರೆದ ಪರಿಹಾರ ಕೇಂದ್ರಗಳಲ್ಲಿ ಕಳೆದವರೇ ಆಗಿದ್ದಾರೆ. ಮಣ್ಣಿನ ಗೋಡೆಯು ಬಿಸಿಲನ್ನು ಎಷ್ಟು ಚೆನ್ನಾಗಿ ತಡೆಯಬಲ್ಲದೋ ನಿಂತ ನೀರನ್ನು ತಡೆಯಲು ಅಷ್ಟೇ ಅಸಮರ್ಥವಾದದ್ದು. ನಮ್ಮ ಮೇಲ್ಮುದ್ದೆಯ ಮನೆ ನೀರಿಳಿಯುವ ಮೊದಲೇ ಕುಳಿತುಬಿಟ್ಟಿತ್ತು. ಪೂರ್ತಿ ಬಿದ್ದ ಮನೆಗಳಿಗೆ ಸರಕಾರವು 5 ಲಕ್ಷ ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಆ ಹಣಕ್ಕೆ ನಮ್ಮದನ್ನಷ್ಟು ಕೂಡಿಸಿ, ಊರಿನ ಎತ್ತರದ ಜಾಗದಲ್ಲಿ, ಎಲ್ಲರೂ ಕಟ್ಟಿದಂತೆಯೇ ನಾವೂ ಕಟ್ಟಿದೆವು: ಒಂಬತ್ತು ಇಂಚಿನ ಇಟ್ಟಿಗೆಯ ಗೋಡೆ, ನಾಲ್ಕು ಇಂಚಿನ ಸ್ಲ್ಯಾಬು. ಹಳೆಯ ಮನೆಗೆ ಮೊಳ ದಪ್ಪದ ಗೋಡೆಗಳಿದ್ದವು. ಜಂತಿಯ ಮೇಲೆ ಒಂದು ಅಡಿ ಮಣ್ಣಿನ ಮೇಲ್ಮುದ್ದೆಯಿತ್ತು. ನಡುವೆ ಒಂದು ಬೆಳಕಿಂಡಿಯಿತ್ತು.

ಹೊಸ ಮನೆ ನೋಡಲು ಚೆಂದ. ಆದರೆ ನಮ್ಮ ಆಯಿ ಮೊದಲನೆಯ ಬೇಸಿಗೆಯಲ್ಲಿಯೇ ತನ್ನ ಹಾಸಿಗೆಯನ್ನು ಅಂಗಳಕ್ಕೆ ತಂದಳು. "ತಮ್ಮಾ, ಈ ಗ್ವಾಡಿ ಹಗಲೆಲ್ಲಾ ಬಿಸಲ ಕುಡದು ರಾತ್ರಿ ಕಾರತೈತಿ. ಒಳಗ ಮಲಗಿದ್ರ ನಿದ್ದಿ ಹತ್ತಂಗಿಲ್ಲ" ಎಂದಳು. ಅಪ್ಪ ಒಪ್ಪಲಿಲ್ಲ. "ಗ್ವಾಡಿ ಅಲ್ಲ ಆಯಿ, ಸ್ಲ್ಯಾಬ್ ಕಾಯತೈತಿ" ಎಂದರು. ತಪ್ಪು ಗೋಡೆಯದೋ ಮಾಳಿಗೆಯದೋ ಎಂಬ ಈ ಜಗಳವು ಕೇವಲ ಬಾಯಿಮಾತಿನದಾಗಿರಲಿಲ್ಲ. ಕೈಯಲ್ಲಿ ಉಳಿದ ಹಣ ಅಲ್ಪವಾಗಿತ್ತು. ಅದನ್ನು ಮಾಳಿಗೆಗೆ ಹಾಕಬೇಕೋ ಗೋಡೆಗೆ ಹಾಕಬೇಕೋ ಎಂಬುದು ಅದರಿಂದ ತೀರ್ಮಾನವಾಗಬೇಕಾಗಿತ್ತು.

ಮೊದಲು ನಾನು ಕಾಗದದ ಮೇಲೆ ಲೆಕ್ಕ ಮಾಡಿದೆನು. ವಸ್ತುವಿನ ದಪ್ಪವನ್ನು ಅದರ ಉಷ್ಣವಾಹಕತೆಯಿಂದ ಭಾಗಿಸಿದರೆ ಅದು ಕಾವಿಗೆ ಒಡ್ಡುವ ತಡೆ ಎಷ್ಟೆಂಬುದು ದೊರೆಯುತ್ತದೆ. ಕಾಂಕ್ರೀಟಿನ ವಾಹಕತೆ ಸುಮಾರು 1.58. ಹತ್ತು ಸೆಂಟಿಮೀಟರ್ ಸ್ಲ್ಯಾಬಿನ ತಡೆ 0.06 ಮಾತ್ರ. ಅದರ ಮೇಲೆ ಮತ್ತು ಕೆಳಗೆ ಅಂಟಿಕೊಂಡಿರುವ ಗಾಳಿಯ ಪದರುಗಳ ತಡೆಯೇ ಸುಮಾರು 0.21 ಆಗುತ್ತದೆ, ಅಂದರೆ ಸ್ಲ್ಯಾಬಿಗಿಂತ ಗಾಳಿಯೇ ಹೆಚ್ಚು ತಡೆಯುತ್ತದೆ! ಒಟ್ಟು ತಡೆಯನ್ನು ತಿರುವಿಹಾಕಿದರೆ ಬರುವ ಅಂಕಿಗೆ ಯು-ಬೆಲೆ ಎಂದು ಹೆಸರು. ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಕಾವು ದಾಟುವದೆಂದು ಅದು ಹೇಳುತ್ತದೆ. ಬರಿ ಸ್ಲ್ಯಾಬಿಗೆ ಅದು ಸುಮಾರು 3.7. ಒಂದಡಿಯ ಮೇಲ್ಮುದ್ದೆಗೆ, ಮಣ್ಣಿನ ವಾಹಕತೆಯನ್ನು 0.6 ಎಂದು ಹಿಡಿದರೆ, ಸುಮಾರು 1.4. ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಪ್ರಕಟಿಸಿದ 'ಇಕೋ ನಿವಾಸ ಸಂಹಿತೆ'ಯು ವಾಸದ ಕಟ್ಟಡಗಳ ಮಾಳಿಗೆಗೆ ಹಾಕಿದ ಮೇರೆ 1.2. ಆ ಸಂಹಿತೆಯು 500 ಚದರ ಮೀಟರಿಗಿಂತ ಸಣ್ಣ ನಿವೇಶನಗಳಿಗೆ ಅನ್ವಯಿಸುವಂತೆ ಬರೆದದ್ದಲ್ಲವಾದ್ದರಿಂದ ನಮ್ಮ ಹಳ್ಳಿಯ ಮನೆಗಳಿಗೆ ಅದರ ಅಂಕೆಯಿಲ್ಲ. ಆದರೂ ತುಲನೆಗಾಗಿ ನೋಡಿದರೆ, ಬಿದ್ದುಹೋದ ಮಣ್ಣಿನ ಮಾಳಿಗೆಯು ದಿಲ್ಲಿಯ ನಿಯಮದ ಹೊಸ್ತಿಲಿನವರೆಗೆ ಬಂದಿತ್ತು. ಹೊಸ ಸ್ಲ್ಯಾಬು ಅದರ ಮೂರು ಪಟ್ಟು ದೂರದಲ್ಲಿದೆ.

ಅಪ್ಪನ ಪಕ್ಷ ಗೆದ್ದಿತೆಂದು ವಾಚಕರು ತಿಳಿಯಬಹುದು. ನಾನೂ ಹಾಗೆಯೇ ತಿಳಿದಿದ್ದೆನು. ನಮ್ಮ ಭಾಗದ ಅಕ್ಷಾಂಶವೂ ಅವರ ಕಡೆಗೇ ಇತ್ತು. ಈ ಐದೂ ಊರುಗಳು ಉತ್ತರ ಅಕ್ಷಾಂಶ ಹದಿನಾರೂವರೆ ಡಿಗ್ರಿಯ ಆಚೀಚೆ ಇರುವದರಿಂದ ಮೇ ತಿಂಗಳ 6ರಿಂದ 8ರ ಸುಮಾರಿಗೆ, ಮತ್ತೆ ಅಗಸ್ಟ್ ಮೊದಲ ವಾರದಲ್ಲಿ, ನಡುಹಗಲಿನ ಸೂರ್ಯನು ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೆ ಆಗ ನೆರಳೇ ಇರುವದಿಲ್ಲ. ಅಗಸ್ಟಿನಲ್ಲಿ ಮೋಡವು ನಮ್ಮನ್ನು ಕಾಯುತ್ತದೆ. ಮೇ ತಿಂಗಳಿನಲ್ಲಿ ಕಾಯುವವರಿಲ್ಲ. ಆ ಬಿಸಿಲೆಲ್ಲ ಮಾಳಿಗೆಯ ಪಾಲು.

ಆದರೆ ಈ ಯು-ಬೆಲೆಯ ಲೆಕ್ಕದಲ್ಲಿ ಎರಡು ಕುರುಡುತನಗಳಿವೆ. ಸ್ಲ್ಯಾಬಿನ ಮೇಲೆ ದಟ್ಟವಾಗಿ ಸುಣ್ಣ ಬಳಿದರೆ ಕೋಣೆ ತಂಪಾಗುವದೆಂಬುದನ್ನು ನಮ್ಮ ಕಡೆಯ ಗೌಂಡಿಗಳೆಲ್ಲ ಬಲ್ಲರು; ಯು-ಬೆಲೆಗೆ ಮಾತ್ರ ಅದು ಗೊತ್ತಿಲ್ಲ. ಸುಣ್ಣವು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆಯೇ ಹೊರತು ಮಾಳಿಗೆಯ ತಡೆಯನ್ನು ಹೆಚ್ಚಿಸುವದಿಲ್ಲ. ಎರಡನೆಯದು ಇನ್ನೂ ದೊಡ್ಡ ಕುರುಡುತನ: ಈ ಲೆಕ್ಕಕ್ಕೆ ಗಡಿಯಾರವಿಲ್ಲ. ಕಾವು ಗೋಡೆಯನ್ನು ಹೊಕ್ಕು ಒಳಗಿನ ಮಗ್ಗುಲಿಗೆ ಬರಲು ಸಮಯ ಹಿಡಿಯುತ್ತದೆ. ಸ್ಥೂಲವಾದ ಸೂತ್ರದಿಂದ ನಾಲ್ಕು ಇಂಚಿನ ಸ್ಲ್ಯಾಬಿಗೆ ಸುಮಾರು ಎರಡೂವರೆ ಗಂಟೆ, ಒಂಬತ್ತು ಇಂಚಿನ ಇಟ್ಟಿಗೆಯ ಗೋಡೆಗೆ ಸುಮಾರು ಏಳು ಗಂಟೆ, ಒಂದಡಿಯ ಮೇಲ್ಮುದ್ದೆಗೆ ಹನ್ನೊಂದು ಗಂಟೆಯಷ್ಟು ಎಂದು ಬರುತ್ತದೆ. ಮೇಲ್ಮುದ್ದೆಯಲ್ಲಿ ಹಗಲಿನ ಏರಿಳಿತವು ಒಳಗೆ ತಲುಪುವ ಹೊತ್ತಿಗೆ ಇಪ್ಪತ್ತನೆಯ ಒಂದು ಪಾಲಿನಷ್ಟು ಉಳಿದರೆ ಹೆಚ್ಚು. ಸ್ಲ್ಯಾಬಿನಲ್ಲಿ ಅರ್ಧದಷ್ಟು ಉಳಿಯುತ್ತದೆ.

ಈಗ ಪಡುವಣ ಗೋಡೆಯನ್ನು ನೋಡಿರಿ. ಅದಕ್ಕೆ ಬಿಸಿಲು ತಾಗುವದು ಮಧ್ಯಾಹ್ನದ ನಂತರ, ಸಂಜೆ ನಾಲ್ಕು ಐದರ ಸುಮಾರಿಗೆ ಅತಿ ಹೆಚ್ಚು. ಅದಕ್ಕೆ ಏಳು ಗಂಟೆ ಕೂಡಿಸಿದರೆ? ನಡುರಾತ್ರಿ! ಗೋಡೆಯು ಹಗಲು ಕುಡಿದು ರಾತ್ರಿ ಕಾರುತ್ತದೆ ಎಂದ ಆಯಿಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಪ್ಪನು ಹಗಲಿನ ಮಾತನ್ನಾಡುತ್ತಿದ್ದರು, ಆಯಿಯು ರಾತ್ರಿಯ ಮಾತನ್ನಾಡುತ್ತಿದ್ದಳು. ಯಾವ ಹೊತ್ತಿನಲ್ಲಿ ಯಾರದು ಎಷ್ಟು ಸತ್ಯ ಎಂಬುದನ್ನು ತೂಗಿ ನೋಡಲು ವರುಷದ 8760 ಗಂಟೆಗಳಲ್ಲಿ ಪ್ರತಿಯೊಂದರ ಲೆಕ್ಕವನ್ನೂ ಮಾಡಬೇಕಾಗುತ್ತದೆ. ಇದು ಮನುಷ್ಯನ ಕೈಯಿಂದ ಆಗದ ಕೆಲಸ. ಇದಕ್ಕಾಗಿಯೇ ಇರುವ ತಂತ್ರಾಂಶಗಳ ವಿದ್ಯೆಗೆ ಕಟ್ಟಡದ ಶಕ್ತಿ ಸಿಮ್ಯುಲೇಶನ್ ಎನ್ನುತ್ತಾರೆ. ನಾವು ಅನುಕರಣ ಎನ್ನೋಣ. ಕಟ್ಟಡದ ಆಕಾರ, ಗೋಡೆ ಮಾಳಿಗೆಗಳ ವಸ್ತು, ಕಿಡಕಿ, ಒಳಗಿನ ಜನ, ದೀಪ, ಒಲೆ, ಹೊರಗಿನ ಹವೆ ಇವಿಷ್ಟನ್ನು ಅಂಕಿಗಳಾಗಿ ಕೊಟ್ಟರೆ ಆ ಮನೆಯ ಒಂದು ವರುಷವನ್ನು ಅದು ಗಂಟೆಗಂಟೆಯಾಗಿ ಬದುಕಿ ತೋರಿಸುತ್ತದೆ.

ಆದರೆ ಇಂಥ ತಂತ್ರಾಂಶಗಳು ಒಂದೆರಡಲ್ಲ. ಯಾವದನ್ನು ಆರಿಸಬೇಕು?

ಹುಡುಕಹೊರಟವನಿಗೆ ಮೊದಲು ಸಿಕ್ಕುವದು ಬೆಲೆಯ ಮಾತು, ಆಮೇಲೆ ಚಿತ್ರಗಳ ಅಂದಚೆಂದ. ಇವೆರಡನ್ನೂ ಬದಿಗಿಟ್ಟು ಇವುಗಳ ವಂಶಾವಳಿಯನ್ನು ನೋಡುವದು ಹೆಚ್ಚು ಉಪಯುಕ್ತ. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ಜಗತ್ತಿನಾದ್ಯಂತ ಇಂಧನದ ಚಿಂತೆ ಹುಟ್ಟಿದಾಗ ಅಮೆರಿಕದಲ್ಲಿ ಎರಡು ಕಾರ್ಯಕ್ರಮಗಳು ಬೆಳೆದವು. ಒಂದು ಬರ್ಕ್ಲಿಯ ಪ್ರಯೋಗಾಲಯದ ಡಿಓಇ-2. ಇನ್ನೊಂದು ಸೈನ್ಯದ ಕಟ್ಟಡಗಳಿಗಾಗಿ ಬರೆದ ಬ್ಲಾಸ್ಟ್. ಡಿಓಇ-2 ತನ್ನ ಲೆಕ್ಕವನ್ನು ಹಂತಹಂತವಾಗಿ ಮಾಡುತ್ತದೆ. ಮೊದಲು ಕೋಣೆಯ ಉಷ್ಣತೆಯು ಒಂದೇ ಮಟ್ಟದಲ್ಲಿ ನಿಂತಿದೆಯೆಂದು ಭಾವಿಸಿ ಅದರೊಳಕ್ಕೆ ಬರುವ ಕಾವನ್ನು ಎಣಿಸುತ್ತದೆ. ಆಮೇಲೆ ತಂಪುಗೊಳಿಸುವ ಯಂತ್ರದ ಹಂತದಲ್ಲಿ ಅದನ್ನು ತಿದ್ದುತ್ತದೆ. ಹವಾನಿಯಂತ್ರಣವಿರುವ ಕಚೇರಿ, ದವಾಖಾನೆ, ದೊಡ್ಡ ಮಳಿಗೆಗಳಿಗೆ ಇದು ಸಾಕು. ಅಲ್ಲಿ ಉಷ್ಣತೆ ನಿಜವಾಗಿಯೂ ಒಂದೇ ಮಟ್ಟದಲ್ಲಿರುತ್ತದೆ. ಬೇಕಾದ ಉತ್ತರ ವಿದ್ಯುತ್ತಿನ ಯುನಿಟ್ಟುಗಳದು. ಇದೇ ಯಂತ್ರದ ಮೇಲೆ ಕುಳಿತಿರುವ ಈಕ್ವೆಸ್ಟ್ ಎಂಬ ತಂತ್ರಾಂಶವು ಉಚಿತವಾಗಿದೆ, ಕಲಿಯಲು ಸುಲಭವಾಗಿದೆ, ಬೇಗ ಉತ್ತರಿಸುತ್ತದೆ. ಅದರಿಂದಲೇ ಅನೇಕರು ಮೊದಲು ಅದನ್ನೇ ಹಿಡಿಯುತ್ತಾರೆ.

ನಮ್ಮ ಮನೆಯಲ್ಲಿರುವದೋ ಒಂದು ಫ್ಯಾನು. ನಮ್ಮಲ್ಲಿ ಉಷ್ಣತೆಯನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಯಂತ್ರವಿಲ್ಲ; ಅದು ಬಿಸಿಲು ಗಾಳಿಗಳೊಡನೆ ತನ್ನಷ್ಟಕ್ಕೆ ತಾನು ಏರುತ್ತದೆ, ಇಳಿಯುತ್ತದೆ. ನಮಗೆ ಬೇಕಾದ ಉತ್ತರವೂ ಯುನಿಟ್ಟುಗಳದಲ್ಲ. ಆಯಿಯ ಕೋಣೆಯು ರಾತ್ರಿ ಒಂಬತ್ತರಿಂದ ನಸುಕಿನ ಐದರ ವರೆಗೆ ಎಷ್ಟು ಗಂಟೆ ಮಲಗಲಾರದಷ್ಟು ಕಾದಿರುತ್ತದೆ ಎಂಬುದು. ಪ್ರಶ್ನೆ ಇದಾದ ಮೇಲೆ, ಕೋಣೆಯ ಉಷ್ಣತೆಯನ್ನೇ ಮೊದಲು ಗೊತ್ತುಮಾಡಿಕೊಂಡು ಹೊರಡುವ ತಂತ್ರಾಂಶವು ಎಷ್ಟೇ ಸುಲಭವಾಗಿರಲಿ, ನಮಗೆ ಹೊಂದಲಾರದು. ಬೇರೆಲ್ಲ ಗುಣಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ; ಆದರೆ ಕೈಗೆ ಸಿಕ್ಕ ಹೋಲಿಕೆಯ ಪಟ್ಟಿಗಳಲ್ಲಿ ಇದು ಎಲ್ಲಿಯೋ ಕೆಳಗೆ ಅಡಗಿರುತ್ತದೆ.

ಮೇಲೆ ಹೇಳಿದ ಎರಡೂ ಕಾರ್ಯಕ್ರಮಗಳ ಸಾರವನ್ನು ಕೂಡಿಸಿ ಅಮೆರಿಕದ ಇಂಧನ ಇಲಾಖೆಯು 2001ರಲ್ಲಿ ಹೊರತಂದದ್ದು ಎನರ್ಜಿಪ್ಲಸ್. ಇದು ಗೋಡೆ, ಮಾಳಿಗೆ, ನೆಲ, ಗಾಳಿ ಇವೆಲ್ಲವುಗಳ ಜಮಾಖರ್ಚನ್ನು ಏಕಕಾಲಕ್ಕೆ, ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ, ಸರಿದೂಗಿಸುತ್ತದೆ. ಯಂತ್ರವಿಲ್ಲದ ಕೋಣೆಯನ್ನು ಸ್ವಚ್ಛಂದವಾಗಿ ಕಾಯಲು ಆರಲು ಬಿಟ್ಟು ಅದರ ಉಷ್ಣತೆಯನ್ನು ಹೇಳಬಲ್ಲದು. ಕಿಡಕಿ ಬಾಗಿಲುಗಳೊಳಗಿಂದ ಗಾಳಿ ಹರಿಯುವ ಬಗೆಯನ್ನೂ ಎಣಿಸಬಲ್ಲದು. ಹಣ ಕೊಡಬೇಕಾಗಿಲ್ಲ. ಆದರೆ ಇದನ್ನು ಬರಿಗೈಯಿಂದ ನಡೆಸುವದೆಂದರೆ ಸಾವಿರಾರು ಸಾಲುಗಳ ಪಠ್ಯವನ್ನು ತುಂಬುವದು; ಒಂದು ಅಲ್ಪವಿರಾಮ ತಪ್ಪಿದರೆ ತಕರಾರು ಮಾಡುತ್ತದೆ. ಆದ್ದರಿಂದ ಇದರ ಮೇಲೆ ಚಿತ್ರದ ಮುಖವಾಡ ತೊಡಿಸಿದವರಿದ್ದಾರೆ. ಬ್ರಿಟನ್ನಿನ ಡಿಸೈನ್‌ಬಿಲ್ಡರ್ ಅಂಥದೊಂದು. ಕೆಲಸ ಹಗುರ, ಬೆಲೆ ಭಾರ. ಓಪನ್‌ಸ್ಟುಡಿಯೋ ಎಂಬುದು ಉಚಿತ. ಕಲಿಯಲು ಸ್ವಲ್ಪ ತಾಳ್ಮೆ ಬೇಕು. ಎರಡರ ಒಳಗೂ ದುಡಿಯುವ ಯಂತ್ರ ಒಂದೇ ಆದ್ದರಿಂದ, ಹಣ ಕೊಟ್ಟಮಾತ್ರಕ್ಕೆ ಉತ್ತರವು ಹೆಚ್ಚು ಸತ್ಯವಾಗುವದಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಗ್ಲಾಸ್ಗೋ ನಗರದ ಸ್ಟ್ರ್ಯಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇಎಸ್‌ಪಿ-ಆರ್ ಕೂಡ ಉಚಿತ, ಬಹು ಸಮರ್ಥ. ಆದರೆ ಅದು ಸಂಶೋಧಕರ ಸಾಮಾನು, ಹೊಸಬರನ್ನು ಕೈಹಿಡಿದು ನಡೆಸುವದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ 1975ರಲ್ಲಿ ಹೊರಬಂದ ಟ್ರಾನ್ಸಿಸ್ ಸೌರಶಕ್ತಿಯ ಉಪಕರಣಗಳ ಲೆಕ್ಕಕ್ಕೆ ಹೆಸರಾದದ್ದು, ಹಣದ್ದು. ಇವುಗಳ ವಿಷಯ ಇಷ್ಟು ಸಾಕು.

ನಿಪ್ಪಾಣಿಯ ಮಿತ್ರನೊಬ್ಬನಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಅವನು ತಮ್ಮೂರಿನ ತಂಬಾಕಿನ ವಖಾರಿಗಳ ಮಾತೆತ್ತಿದನು. ಬೀಡಿ ತಂಬಾಕು ಅತಿ ಒಣಗಿದರೆ ಪುಡಿಯಾಗುತ್ತದೆ, ತೇವ ಹಿಡಿದರೆ ಬೂಸು ಬರುತ್ತದೆ. ಅಲ್ಲಿಯ ಪ್ರಶ್ನೆ ಕಾವಿಗಿಂತ ಹೆಚ್ಚಾಗಿ ತೇವದ್ದು. ಎನರ್ಜಿಪ್ಲಸ್ಸಿನ ಸಾಮಾನ್ಯ ರೀತಿಯ ಲೆಕ್ಕದಲ್ಲಿ ಗೋಡೆಯು ತೇವವನ್ನು ಹೀರಿ ಬಿಡುವದು ಸೇರಿರುವದಿಲ್ಲ. ಅದಕ್ಕಾಗಿ ಬೇರೆ ರೀತಿಯನ್ನು ಬೇಕೆಂದೇ ಆರಿಸಿಕೊಳ್ಳಬೇಕಾಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮಾಡಿದ ವೂಫಿ ಎಂಬ ತಂತ್ರಾಂಶವು ಕಾವು ತೇವಗಳೆರಡನ್ನೂ ಗೋಡೆಯೊಳಗೆ ಜೊತೆಯಾಗಿ ನಡೆಸಿ ನೋಡುವದಕ್ಕೇ ಹುಟ್ಟಿದ್ದು. ವಖಾರಿಯವನು ನನ್ನನ್ನು ಕೇಳಿದರೆ ಅದರ ಕಡೆಗೆ ಬೆರಳು ತೋರಿಸುವೆನು. ಅಥಣಿಯ ಮನೆಗೂ ನಿಪ್ಪಾಣಿಯ ವಖಾರಿಗೂ ಒಂದೇ ತಂತ್ರಾಂಶ ಉತ್ತಮವೆಂದು ಯಾರಾದರೂ ಹೇಳಿದರೆ ಅವರು ಎರಡನ್ನೂ ನೋಡಿಲ್ಲವೆಂದೇ ತಿಳಿಯಬೇಕು.

ಇಷ್ಟೆಲ್ಲ ತಂತ್ರಾಂಶಗಳು ಒಂದೇ ಮನೆಗೆ ಒಂದೇ ಉತ್ತರ ಕೊಡುತ್ತವೆಯೇ? ಈ ಶಂಕೆಯನ್ನು ಪರೀಕ್ಷಿಸಿದವರಿದ್ದಾರೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಶ್ರಯದಲ್ಲಿ 1995ರಲ್ಲಿ ಪ್ರಕಟವಾದ ಬೆಸ್‌ಟೆಸ್ಟ್ ಎಂಬ ಪರೀಕ್ಷೆಯೇ ಅದು. 2001ರಲ್ಲಿ ಅಮೆರಿಕದ ಹವಾನಿಯಂತ್ರಣ ತಂತ್ರಜ್ಞರ ಸಂಸ್ಥೆಯು ಅದರ ಆಧಾರದಿಂದ 140ನೆಯ ಕ್ರಮಾಂಕದ ಮಾನದಂಡವನ್ನು ರೂಪಿಸಿತು. ನಮ್ಮ ದೇಶದಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೂ ಈ ಪರೀಕ್ಷೆಗೆ ಒಳಪಟ್ಟ ತಂತ್ರಾಂಶವನ್ನೇ ಕೇಳುತ್ತದೆ.

ಪರೀಕ್ಷೆಯ ಕಟ್ಟಡವು ಒಂದು ಸಾದಾ ಪೆಟ್ಟಿಗೆ: 8 ಮೀಟರ್ ಉದ್ದ, 6 ಮೀಟರ್ ಅಗಲ, 2.7 ಮೀಟರ್ ಎತ್ತರ. ದಕ್ಷಿಣಕ್ಕೆ 12 ಚದರ ಮೀಟರ್ ಗಾಜು. ನಮ್ಮ ಕನ್ನಡ ಶಾಲೆಯ ಒಂದು ಕೋಣೆಯಷ್ಟೇ ಎನ್ನಿರಿ. ಹೊರಗಿನ ಹವೆ ಅಮೆರಿಕದ ಡೆನ್ವರ್ ಊರಿನದು. ಯಂತ್ರವಿಲ್ಲದೆ, ತೆರೆಯದೆ ಬಿಟ್ಟ ಆ ಪೆಟ್ಟಿಗೆಯನ್ನು ಹಗುರಾದ ಗೋಡೆಗಳಿಂದ ಕಟ್ಟಿದಾಗ ಒಳಗಿನ ಉಷ್ಣತೆಯು ವರುಷದಲ್ಲಿ ಅತಿ ಹೆಚ್ಚೆಂದರೆ ಎಷ್ಟಕ್ಕೆ ಏರುವದೆಂಬ ಪ್ರಶ್ನೆಗೆ ಬೇರೆ ಬೇರೆ ತಂತ್ರಾಂಶಗಳು ಸುಮಾರು 65ರಿಂದ 70 ಡಿಗ್ರಿಗಳ ನಡುವಿನ ಉತ್ತರಗಳನ್ನು ಕೊಟ್ಟವು. ಅದೇ ಪೆಟ್ಟಿಗೆಯನ್ನು ಭಾರವಾದ ಗೋಡೆ ನೆಲಗಳಿಂದ ಕಟ್ಟಿದಾಗ ಉತ್ತರಗಳು ಸುಮಾರು 42ರಿಂದ 45ರ ನಡುವೆ ಇಳಿದವು.

ಈ ಅಂಕಿಗಳನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತೆನು. ತಂತ್ರಾಂಶ ಬದಲಾದರೆ ಉತ್ತರವು ನಾಲ್ಕೈದು ಡಿಗ್ರಿ ಸರಿಯುತ್ತದೆ. ಗೋಡೆ ಬದಲಾದರೆ ಇಪ್ಪತ್ತಕ್ಕೂ ಹೆಚ್ಚು. ಹಾಗಾದರೆ ಯಾವ ತಂತ್ರಾಂಶ ಉತ್ತಮವೆಂದು ವಾದಿಸುತ್ತ ವರುಷ ಕಳೆಯುವವನಿಗಿಂತ, ಸಿಕ್ಕ ಒಂದು ಯೋಗ್ಯ ತಂತ್ರಾಂಶದಲ್ಲಿ ಹತ್ತು ಬಗೆಯ ಗೋಡೆಗಳನ್ನು ಇಟ್ಟು ನೋಡುವವನು ಹೆಚ್ಚು ಕಲಿಯುತ್ತಾನಲ್ಲವೇ? ನಾಲ್ಕು ಡಿಗ್ರಿಯೇನು ಕಡಿಮೆಯಲ್ಲ. ಮಲಗಿದವರಿಗೆ ಅದು ನಿದ್ದೆಗೂ ಎಚ್ಚರಕ್ಕೂ ಇರುವ ಅಂತರ. ಆದ್ದರಿಂದ ತಂತ್ರಾಂಶವು 'ಕೋಣೆಯಲ್ಲಿ 34.2 ಡಿಗ್ರಿ' ಎಂದು ದಶಾಂಶದ ಸಮೇತ ಹೇಳುವಾಗ ಆ ದಶಾಂಶವನ್ನು ನಂಬಬಾರದು. ಸುಣ್ಣ ಬಳಿದ ಮನೆಗೂ ಬಳಿಯದ ಮನೆಗೂ ಇರುವ ಅಂತರವನ್ನು ಅದು ಹೇಳಿದರೆ ಹೆಚ್ಚು ನಂಬಬಹುದು, ಯಾಕೆಂದರೆ ಒಂದೇ ತಪ್ಪು ಎರಡೂ ಕಡೆಗೆ ಇರುತ್ತದೆ.

ನಾನು ಎನರ್ಜಿಪ್ಲಸ್ಸನ್ನೂ ಅದರ ಮೇಲೆ ಓಪನ್‌ಸ್ಟುಡಿಯೋವನ್ನೂ ಆರಿಸಿದೆನು. ಕಷ್ಟ ಮುಗಿಯಿತೆಂದುಕೊಂಡೆನು. ನಿಜವಾದ ಕಷ್ಟ ಅಲ್ಲಿಂದಲೇ ಪ್ರಾರಂಭವಾಯಿತು, ಯಾಕೆಂದರೆ ತಂತ್ರಾಂಶಕ್ಕೆ ಹವೆಯ ಕಡತವೊಂದು ಬೇಕು: ವರುಷದ ಪ್ರತಿ ಗಂಟೆಯ ಉಷ್ಣತೆ, ತೇವ, ಗಾಳಿ, ಬಿಸಿಲು. ಇಶ್ರೇ ಎಂಬ ನಮ್ಮ ದೇಶದ ಹವಾನಿಯಂತ್ರಣ ತಂತ್ರಜ್ಞರ ಸಂಸ್ಥೆಯು ಸುಮಾರು 60 ಊರುಗಳಿಗೆ ಇಂಥ ಕಡತಗಳನ್ನು ಸಿದ್ಧಪಡಿಸಿದೆ. ಅವುಗಳಲ್ಲಿ ಬೆಳಗಾವಿ ಇದೆ, ಸೊಲ್ಲಾಪುರ ಇದೆ. ನಮ್ಮ ಐದು ತಾಲೂಕುಗಳಲ್ಲಿ ಒಂದೂ ಇಲ್ಲ. ನಮ್ಮ ಜಿಲ್ಲೆ ಬೆಳಗಾವಿಯಾದ್ದರಿಂದ ಮೊದಲು ಅದನ್ನೇ ಕೊಟ್ಟೆನು. ತಂತ್ರಾಂಶವು ನಮ್ಮ ಮನೆ ಬಹುತೇಕ ಹಿತಕರವಾಗಿದೆಯೆಂದು ಹೇಳಿತು! ಅದನ್ನು ಆಯಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಇಲ್ಲಿ ಭೂಗೋಳವು ನನ್ನ ನೆರವಿಗೆ ಬಂದಿತು. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಸೆರಗಿನಲ್ಲಿದೆ. ಅಲ್ಲಿ ಬೀಳುವ ಮಳೆಯ ಅರ್ಧವೂ ಅಥಣಿಗೆ ಬೀಳುವದಿಲ್ಲ. ಸೊಲ್ಲಾಪುರ 500 ಮೀಟರಿಗಿಂತ ಕೆಳಗಿನ ಬಯಲುಸೀಮೆ. ಮೇಲೆ ಹೇಳಿದ ಕಟ್ಟಡ ಸಂಹಿತೆಯ ಪಟ್ಟಿಯಲ್ಲಿ ಬೆಳಗಾವಿಯನ್ನು ಬಿಸಿ-ತೇವದ ವಲಯಕ್ಕೂ ಸೊಲ್ಲಾಪುರವನ್ನು ಬಿಸಿ-ಒಣ ವಲಯಕ್ಕೂ ಸೇರಿಸಿದ್ದಾರೆ. ನಮ್ಮ ಐದು ತಾಲೂಕುಗಳು ಇವೆರಡರ ನಡುವೆ ಹಾಸಿಕೊಂಡಿವೆ: ನಿಪ್ಪಾಣಿಯು ಘಟ್ಟದ ಗಾಳಿಗೆ ಮುಖ ಮಾಡಿದೆ, ಅಥಣಿಯು ವಿಜಯಪುರದ ಬಯಲಿಗೆ ಬೆನ್ನು ಕೊಟ್ಟಿದೆ, ಚಿಕ್ಕೋಡಿ, ರಾಯಬಾಗ, ಕಾಗವಾಡಗಳು ಮಧ್ಯದಲ್ಲಿವೆ. ಒಂದೇ ಲೋಕಸಭಾ ಕ್ಷೇತ್ರ, ಆದರೆ ಒಂದೇ ಹವೆಯಲ್ಲ. ನಿಪ್ಪಾಣಿಯ ಮನೆಗೆ ಬೆಳಗಾವಿಯ ಕಡತ ನಡೆದೀತು. ಅಥಣಿಗೆ ಸೊಲ್ಲಾಪುರದ್ದೇ ಹೆಚ್ಚು ಹತ್ತಿರದ ನೆಂಟ. ಅದನ್ನು ಕೊಟ್ಟಾಗ ತಂತ್ರಾಂಶದ ಮಾತೂ ಆಯಿಯ ಮಾತೂ ಹತ್ತಿರ ಬಂದವು.

ಈ ಕಡತಗಳಲ್ಲಿ ಇನ್ನೊಂದು ಮೋಸವಿದೆ. ಅದು ಯಾರೂ ಬೇಕೆಂದು ಮಾಡಿದ್ದಲ್ಲ. ಅನೇಕ ವರುಷಗಳ ದಾಖಲೆಯಿಂದ ಯಾವ ಜನವರಿ ಅತ್ಯಂತ ಸಾಮಾನ್ಯವಾಗಿತ್ತೋ ಆ ಜನವರಿಯನ್ನು, ಯಾವ ಫೆಬ್ರುವರಿ ಸಾಮಾನ್ಯವಾಗಿತ್ತೋ ಅದನ್ನು, ಹೀಗೆ ಹನ್ನೆರಡು ತಿಂಗಳುಗಳನ್ನು ಬೇರೆ ಬೇರೆ ವರುಷಗಳಿಂದ ಆರಿಸಿ ಹೊಲಿದು ಒಂದು 'ಮಾದರಿ ವರುಷ'ವನ್ನು ಮಾಡುತ್ತಾರೆ. ವಿದ್ಯುತ್ ಬಿಲ್ಲಿನ ಅಂದಾಜಿಗೆ ಇದು ಸರಿ. ಆದರೆ ಅತಿ ಕೆಟ್ಟ ಬಿಸಿಲಿನ ವಾರವು ಈ ಆಯ್ಕೆಯಲ್ಲಿಯೇ ಬಿದ್ದುಹೋಗುತ್ತದೆ. ವಯಸ್ಸಾದವರ ಜೀವಕ್ಕೆ ಅಪಾಯವಾಗುವದು ಆ ವಾರದಲ್ಲಿಯೇ. ಅದನ್ನು ತಿಳಿಯಬೇಕಾದವನು ಮಾದರಿ ವರುಷವನ್ನು ಬಿಟ್ಟು, ನಿಜವಾಗಿ ಸುಟ್ಟ ಒಂದು ವರುಷದ ದಾಖಲೆಯನ್ನು ಹುಡುಕಿ ಕೊಡಬೇಕು.

ವಸ್ತುಗಳ ವಿಷಯದಲ್ಲಿಯೂ ಇದೇ ಕಥೆ. ತಂತ್ರಾಂಶದೊಳಗಿನ ಉಗ್ರಾಣದಲ್ಲಿ ಪಾಶ್ಚಾತ್ಯ ದೇಶಗಳ ಇಟ್ಟಿಗೆ, ಹಲಗೆ, ಉಣ್ಣೆಯಂಥ ಉಷ್ಣರೋಧಕಗಳಿವೆ. ಕೃಷ್ಣೆಯ ಮಣ್ಣಿನಲ್ಲಿ ಸುಟ್ಟ ಇಟ್ಟಿಗೆ ಇಲ್ಲ, ನಮ್ಮ ಕರಿಕಲ್ಲು ಇಲ್ಲ, ಮೇಲ್ಮುದ್ದೆಯಂತೂ ಇಲ್ಲವೇ ಇಲ್ಲ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತೀಯ ಕಟ್ಟಡ ಸಾಮಗ್ರಿಗಳನ್ನು ಅಳೆದು ಪ್ರಕಟಿಸಿದ ಅಂಕಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಜನರ ರೂಢಿಯನ್ನು ಅಂಕಿಯಾಗಿಸುವದು ಇನ್ನೂ ಕಷ್ಟ. ರಾತ್ರಿ ಕಿಡಕಿ ತೆರೆದಿರುತ್ತದೆ ಎಂದು ಬರೆದರೆ ಗೋಡೆಯ ಕಾವೆಲ್ಲ ಗಾಳಿಗೆ ಹಾರಿಹೋಗಿ ಮನೆ ತಂಪಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಸೊಳ್ಳೆಗೆ ಅಂಜಿ ಸಂಜೆಗೇ ಕಿಡಕಿ ಮುಚ್ಚುತ್ತಾರೆ. ಈ ಒಂದು ಸಾಲಿನಿಂದ ಆಗುವಷ್ಟು ವ್ಯತ್ಯಾಸ ಎರಡು ಒಳ್ಳೆಯ ತಂತ್ರಾಂಶಗಳ ನಡುವೆಯೂ ಇರಲಾರದೆಂದು ತೋರುತ್ತದೆ. ಕಿಡಕಿಗೆ ಸೊಳ್ಳೆಯ ಜಾಳಿಗೆ ಹಚ್ಚುವದು ತಂತ್ರಾಂಶದ ಯಾವ ಯಾದಿಯಲ್ಲಿಯೂ ಇರಲಿಲ್ಲ. ಆದರೆ ಅದು ತೋರಿಸಿದ ಅತ್ಯಂತ ಅಗ್ಗದ ಉಪಾಯ ಅದೇ ಆಗಿತ್ತು.

'ಮಲಗಲಾರದಷ್ಟು ಕಾವು' ಎಂದರೆ ಎಷ್ಟು? ಇದಕ್ಕೂ ಸೆಪ್ಟ್‌ನವರ ಸಂಶೋಧನೆಯೇ ಆಧಾರ. ಯಂತ್ರವಿಲ್ಲದ ಕಟ್ಟಡಗಳಲ್ಲಿ ಇರುವ ಭಾರತೀಯರಿಗೆ ಹಿತವೆನಿಸುವ ಉಷ್ಣತೆಯು ಹೊರಗಿನ ಹವೆಯೊಡನೆ ಏರುತ್ತದೆಂದು ಅವರು ಕಂಡುಕೊಂಡರು. ಹಿಂದಿನ 30 ದಿನಗಳ ಹೊರಗಿನ ಸರಾಸರಿಯನ್ನು 0.54ರಿಂದ ಗುಣಿಸಿ 12.83 ಕೂಡಿಸಬೇಕು. ಸರಾಸರಿ 31 ಡಿಗ್ರಿಯಿದ್ದರೆ ಹಿತದ ಮಟ್ಟ 29.6ರ ಸುಮಾರು, ಅದರ ಆಚೀಚೆ 2.4 ಡಿಗ್ರಿಯ ವರೆಗೆ ಹತ್ತರಲ್ಲಿ ಒಂಬತ್ತು ಜನ ಸಹಿಸುವರು. ಅಂದರೆ 32 ಡಿಗ್ರಿ ನಮ್ಮ ಗೆರೆ. ಆದರೆ ಇಲ್ಲಿ ಗಾಳಿಯ ಉಷ್ಣತೆಯನ್ನು ಮಾತ್ರ ನೋಡಿದರೆ ಮೋಸಹೋಗುವೆವು. ಕಾದ ಗೋಡೆಯ ಬದಿಗೆ ಮಲಗಿದವರ ಮೈಗೆ ಗೋಡೆಯ ಝಳವು ನೇರವಾಗಿ ತಾಗುತ್ತದೆ. ಗಾಳಿ ತಂಪಾಗಿದ್ದರೂ ಮೈ ಕುದಿಯುತ್ತದೆ. ಗಾಳಿ, ಗೋಡೆ ಎರಡನ್ನೂ ಕೂಡಿಸಿ ಮೈಗೆ ತಾಗುವ ಕಾವನ್ನು ಹೇಳಬಲ್ಲ ತಂತ್ರಾಂಶವೇ ಬೇಕು. ಎನರ್ಜಿಪ್ಲಸ್ ಹೇಳುತ್ತದೆ, ಕೇಳಿದರೆ ಮಾತ್ರ.

ನಾನು ಕೇಳಿದೆನು. ಸ್ಲ್ಯಾಬಿಗೆ ಸುಣ್ಣ ಬಳಿದರೆ ನಡುಹಗಲಿನಿಂದ ಸಂಜೆಯ ವರೆಗೆ ಲಾಭ ಹೆಚ್ಚೆಂದೂ, ಪಡುವಣ ಗೋಡೆಗೆ ನೆರಳು ಮಾಡಿದರೆ ಅದರ ಲಾಭವೆಲ್ಲ ರಾತ್ರಿಯ ಹೊತ್ತಿನಲ್ಲಿ ಬರುತ್ತದೆಂದೂ ಉತ್ತರ ಬಂದಿತು. ಅಪ್ಪ ಹಾಳೆಯನ್ನು ನೋಡಿ, "ಹಂಗಾದ್ರ ಇಬ್ಬರ್ದೂ ಖರೇ ಅಂದಂಗಾತು" ಎಂದರು. ಆಯಿಯು ಹಾಳೆಯ ಕಡೆಗೆ ನೋಡಲೇ ಇಲ್ಲ. "ನಾ ಹೇಳಿದ್ನ ಯಂತ್ರಾ ಹೇಳಾಕ ಆರು ತಿಂಗಳ ಬೇಕಾತೇನೊ ತಮ್ಮಾ?" ಎಂದು ಕೇಳಿದಳು.

ಸ್ಲ್ಯಾಬಿಗೆ ಮೂರು ಕೈ ಸುಣ್ಣ ಬಳಿದಾಯಿತು. ಪಡುವಣ ಗೋಡೆಯಿಂದ ಒಂದು ಗೇಣು ದೂರಕ್ಕೆ, ಮಧ್ಯೆ ಗಾಳಿಯಾಡುವಂತೆ, ಜೋಳದ ಕಣಿಕೆಯ ತಟ್ಟಿಯನ್ನು ಕಟ್ಟಿದ್ದೇವೆ. ಬರುವ ಮಳೆಗಾಲದಲ್ಲಿ ಅದರ ಬುಡಕ್ಕೆ ಅವರೆಯ ಬೀಜ ಹಾಕುವದೆಂದು ಅವ್ವ ಹೇಳಿದ್ದಾಳೆ. ಆಯಿಯ ಹಾಸಿಗೆಯ ಬದಿಗೆ ಒಂದು ತಾಪಮಾಪಕವನ್ನು ತೂಗುಹಾಕಿ, ರಾತ್ರಿ ಒಂಬತ್ತಕ್ಕೂ ನಸುಕಿನ ಐದಕ್ಕೂ ಅದನ್ನು ಓದಿ ಹಳೆಯ ನೋಟಪುಸ್ತಕವೊಂದರಲ್ಲಿ ಬರೆದಿಡುವ ಕೆಲಸವನ್ನು ತಂಗಿಗೆ ಒಪ್ಪಿಸಿದ್ದೇನೆ. ನಡುರಾತ್ರಿಯ ಅಂಕಿಯನ್ನು ಬರೆಯುವವರಿಲ್ಲ. ಆದರೆ ಆ ಹೊತ್ತಿನಲ್ಲಿ ಆಯಿ ಒಳಗಿದ್ದಾಳೋ ಅಂಗಳದಲ್ಲಿದ್ದಾಳೋ ಎಂಬುದನ್ನು ಅವಳು ಬೆಳಿಗ್ಗೆ ಅದೇ ಪುಟದಲ್ಲಿ ಗುರುತು ಹಾಕುತ್ತಾಳೆ.